ಅಭಿಮನ್ಯುವಿಗೆ ಗಟ್ಟಿಮೇಳ

ನಮ್ಮ ಸೋದರಮಾವನಷ್ಟು ಸುಲಭವಾಗಿ ಅಳುವ ಗಂಡಸು ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಜಾಲಾಡಿದರೂ ಸಿಗಲಿಕ್ಕಿಲ್ಲ! ಹರಿಶ್ಚಂದ್ರನ ಕಥೆ ಹೇಳಲು ಯಾರಾದರೂ ಗಂಟಲು ಸರಿಮಾಡಿಕೊಂಡರೂ ಸಾಕು, ಇವರ ಕೈ ಕರವಸ್ತ್ರಕ್ಕೆ ಹೋಗುತ್ತದೆ. ಅತ್ತೆಯೋ, ಈರುಳ್ಳಿಗೂ ಜಗ್ಗದವರು. ಅವರಿಗೆ ಮಾವನ ಮೇಲಿರುವುದು ಒಂದೇ ದೂರು. ತಮ್ಮ ಮದುವೆಗೆ ವಾಲಗದವರನ್ನು ಗೊತ್ತುಮಾಡುವ ಕೆಲಸವನ್ನು ಮದುಮಗನಾದ ಮಾವ ತಾವೇ ಹಟ ಹಿಡಿದು ವಹಿಸಿಕೊಂಡು, ಮದುವೆಯ ಮರುದಿನದ ದಿನಾಂಕ ಹೇಳಿ ಬಂದಿದ್ದರು! ಮುಹೂರ್ತ ಕಾಯುತ್ತದೆಯೇ? ಗಟ್ಟಿಮೇಳವಿಲ್ಲದೆ ತಾಳಿ ಕಟ್ಟಿದ್ದಾಯಿತು.

ಇಂಥ ಮಾವ ನಿವೃತ್ತಿಯಾದ ಮೇಲೆ ಸವಣೂರಿನಲ್ಲಿ ಒಂದು ವಾದ್ಯವೃಂದ ಕಟ್ಟಿದರು. ಹಾಡಿಲ್ಲ, ಮಾತಿಲ್ಲ. ದುರಂತ ಕಥೆಗಳನ್ನು ವಾದ್ಯಗಳೇ ಹೇಳಬೇಕು. ಅರಂತೋಡಿನ ಪಿಟೀಲು ಮೇಷ್ಟ್ರು ಬಂದರು, ಇಚಿಲಂಪಾಡಿಯಿಂದ ಕೀಬೋರ್ಡಿನವರು ಬಂದರು. ಉಳಿದವರೆಲ್ಲ ಮದುವೆಗಳಲ್ಲಿ ಸ್ಯಾಕ್ಸೋಫೋನ್ ಊದುವವರು, ಡೋಲು ಬಾರಿಸುವವರು.

“ನೀನೂ ಬಂದು ಕೇಳು ಮಾರಾಯ್ತಿ. ನಿನ್ನ ಕಣ್ಣಲ್ಲಿ ನೀರು ಬಾರದಿದ್ರೆ ಈ ವಾದ್ಯವೃಂದವೇ ಬರ್ಖಾಸ್ತು!” ಎಂದು ಮಾವ ಎಲ್ಲರೆದುರು ಘೋಷಿಸಿಬಿಟ್ಟರು.

“ಮದುವೆಗೆ ಒಂದು ವಾಲಗ ಊದಿಸ್ಲಿಕ್ಕೆ ಆಗದವರು! ಬರ್ತೇನೆ, ಅದಕ್ಕೆಂತ?” ಎಂದರು ಅತ್ತೆ.

ಮೊದಲ ಕಛೇರಿಗೆ ಮಾವ ಆರಿಸಿದ್ದು ಅಭಿಮನ್ಯುವಿನ ಕಥೆ. ಆದರೆ ಅಭ್ಯಾಸದಲ್ಲಿ ಅಭಿಮನ್ಯು ಸಾಯಲು ಒಪ್ಪಲೇ ಇಲ್ಲ. ಹಿರಿಯ ಸ್ಯಾಕ್ಸೋಫೋನಿನವರು ಕೈಚೆಲ್ಲಿದರು. “ನಾವು ಊದಿದಲ್ಲಿ ಇಷ್ಟರವರೆಗೆ ಒಬ್ಬರೂ ಸತ್ತದ್ದಿಲ್ಲ ಮಾರಾಯ್ರೆ. ಎಲ್ಲ ಊಟ ಮಾಡಿಯೇ ಹೋದದ್ದು!” ಮಾವ ಎರಡು ತಿಂಗಳು ಅತ್ತು ಅತ್ತು ಅವರಿಗೆ ದುಃಖ ಕಲಿಸಿದರು.

ಕಛೇರಿ ನಡೆದದ್ದು ಪುತ್ತೂರಿನ ಒಂದು ಮದುವೆ ಹಾಲ್‌ನಲ್ಲಿ. ಅತ್ತೆ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಚಕ್ರವ್ಯೂಹ ಬಿಗಿಯುತ್ತ ಬಂತು. ಪಿಟೀಲು ನಡುಗಿತು, ಡೋಲು ಗುಡುಗಿತು, ಅಭಿಮನ್ಯು ಬಿದ್ದ! ಹಾಲ್‌ನಲ್ಲಿ ಕೆಮ್ಮು ಕೂಡ ಇಲ್ಲ. ಅಂಗೈ ನಿಧಾನ ಕೆಳಗಿಳಿಸಿ ಮೌನಕ್ಕೆ ಸನ್ನೆ ಮಾಡಬೇಕಿದ್ದ ಮಾವ, ಅಳು ಉಕ್ಕಿ, ಎಲ್ಲ ಮರೆತು ಬಲಗೈ ಎತ್ತಿಬಿಟ್ಟರು.

ಮದುವೆ ಹಾಲ್‌ನಲ್ಲಿ ಭಟ್ಟರು ಕೈ ಎತ್ತಿದರೆ ಏನರ್ಥ? ಜೀವಮಾನದ ಅಭ್ಯಾಸ, ಕೇಳಬೇಕೇ! ಸ್ಯಾಕ್ಸೋಫೋನು, ಡೋಲುಗಳೆಲ್ಲ ಒಟ್ಟಿಗೆ ಗಟ್ಟಿಮೇಳ ಬಾರಿಸಿದವು!

ಸಭಿಕರಿಗೂ ಅದೇ ಅಭ್ಯಾಸ. ಇಡೀ ಹಾಲ್ ಎದ್ದು ನಿಂತಿತು. ನನ್ನ ಪಕ್ಕದವರು ಅಕ್ಷತೆಗೆ ಕೈಚಾಚಿದರು. ಪಿಟೀಲು ಮೇಷ್ಟ್ರೂ ಬೇರೆ ದಾರಿ ಕಾಣದೆ ಸೇರಿಕೊಂಡರು. ಆಮೇಲೆ ಬಿದ್ದ ಚಪ್ಪಾಳೆ ಹಾಲ್‌ನ ಮಾಡನ್ನೇ ಹಾರಿಸುವಂತಿತ್ತು. ಅಭಿಮನ್ಯು ಬದುಕಿದ್ದರೂ ಇಷ್ಟು ಬೀಳುತ್ತಿರಲಿಲ್ಲ!

ಮಾವ ಮಾತ್ರ ಬಿಳಿಚಿಕೊಂಡು ಕೆಳಗಿಳಿದರು. ವಾದ್ಯವೃಂದದ ಕಥೆ ಮುಗಿಯಿತೆಂದೇ ಅವರ ಲೆಕ್ಕ. ನೋಡಿದರೆ ಅತ್ತೆ ಸೆರಗಿನಿಂದ ಕಣ್ಣೊರೆಸುತ್ತಿದ್ದಾರೆ!

“ಅಭಿಮನ್ಯು ಸತ್ತನಂತ ಬೇಜಾರಾ?” ಮಾವ ನಂಬಲಾಗದೆ ಕೇಳಿದರು.

“ಅವ ಸಾಯುದು ಮೊದಲೇ ಗೊತ್ತಿತ್ತಲ್ಲ. ನಮ್ಮ ವಾಲಗದವರು ಬಂದದ್ದು ಇವತ್ತು ಅಲ್ವಾ?”

ಎಲ್ಲದಕ್ಕೂ ಅಳುವ ಮಾವ ಅಂದು ಅಳಲಿಲ್ಲ. ಅತ್ತೆಯ ಕೈಹಿಡಿದು, ಇನ್ನೂ ನಿಂತೇ ಇದ್ದ ಜನರ ನಡುವೆ ಮದುಮಗನಂತೆ ಎದೆಯೆತ್ತಿ ನಡೆದರು. ಕರವಸ್ತ್ರ ಬೇಕಾದದ್ದು ನನಗೆ.