ಎಂಟನೆಯ ಪಾಠದಲ್ಲಿ ಬಿಟ್ಟುಹೋದ ಸೀಮೆ

‘ಬೆಟ್ಟದ ಸೀಮೆಯ ಜನ ಹಟಮಾರಿಗಳು.’ ನಾಲ್ಕೇ ಪದಗಳ ಈ ವಾಕ್ಯದಿಂದ ಭೂಗೋಳನ ದಿನ ಕೆಟ್ಟಿತು.

ಭೂಗೋಳ ಅವನ ಹೆಸರಲ್ಲ. ಪಠ್ಯಪುಸ್ತಕದ ಕಚೇರಿಯಲ್ಲಿ ಭೂಗೋಳದ ಪಾಠ ಬರೆಯುವವನು ಅವನೇ ಆದ್ದರಿಂದ ಎಲ್ಲರೂ ಹಾಗೆ ಕರೆಯುತ್ತಿದ್ದರು. ಆರು ವರ್ಷದಿಂದ ಹಂಗಾಮಿ ನೌಕರ. ಎಂಟನೆಯ ಪಾಠ ಸಂಜೆ ಐದಕ್ಕೆ ಮೇಜಿನ ಮೇಲಿದ್ದರೆ ಖಾಯಂ ಆದೇಶಕ್ಕೆ ಸಹಿ ಹಾಕುತ್ತೇನೆಂದು ನಿರ್ದೇಶಕರು ಬೆಳಿಗ್ಗೆಯಷ್ಟೇ ಹೇಳಿದ್ದರು.

ಪಾಠ ನಮ್ಮ ದೇಶ ಮತ್ತು ಪಕ್ಕದ ದೇಶದ ಸೀಮೆಗಳನ್ನೂ ಅಲ್ಲಿನ ಜನರ ಗುಣಗಳನ್ನೂ ಕುರಿತದ್ದು. ನಕ್ಷೆಯಲ್ಲಿ ಗಡಿಯೆಂದು ಒಂದು ಗೆರೆ ಇತ್ತು, ಅಷ್ಟೆ. ಬೆಟ್ಟಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆಚೆಗೆ ನಡೆದುಹೋಗಿದ್ದವು. ಬಯಲು ಅತ್ತ ಕಾಲು ಚಾಚಿತ್ತು. ಕರಾವಳಿಯೂ ಜೌಗು ನೆಲವೂ ಎರಡೂ ಕಡೆ ಇದ್ದವು. ಎರಡು ದೇಶ, ತಲಾ ನಾಲ್ಕು ಸೀಮೆ, ಒಟ್ಟು ಎರಡು ಪುಟ. ಒಂದು ಸಾಲೂ ಹೆಚ್ಚಾಗುವಂತಿರಲಿಲ್ಲ.

ಬೆಳಿಗ್ಗೆ ಹತ್ತೂವರೆಗೆ ಕರಡು ತಿದ್ದುವವರು ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದರು. ಬೆಟ್ಟದ ಸೀಮೆಯವರು.

“ಏನಯ್ಯಾ ಭೂಗೋಳ, ನಾವು ಹಟಮಾರಿಗಳಾ?”

“ಎಲ್ಲರೂ ಅಲ್ಲ ಸಾರ್. ಸಾಮಾನ್ಯವಾಗಿ.”

“ಇದನ್ನ ನೀನು ಹೊಡೆದುಹಾಕೋವರೆಗೂ ಈ ಕುರ್ಚಿಯಿಂದ ಏಳಲ್ಲ.”

ಕುರ್ಚಿ ಭೂಗೋಳನದು. ಅವನು ಒಂದು ಗಂಟೆ ನಿಂತುಕೊಂಡೇ ಬರೆದ. ಕಡೆಗೆ ಕಾಲು ಸೋತು, ‘ದೃಢಚಿತ್ತರು’ ಎಂದು ತಿದ್ದಿದ.

ಸುದ್ದಿ ಟೈಪಿಸ್ಟ್ ಅಕ್ಕನಿಗೆ ಮುಟ್ಟಿತು. ಆಕೆ ಕಡಲ ಕಡೆಯವರು. ‘ಕಡಲ ಸೀಮೆಯವರು ಮಾತುಗಾರರು’ ಎಂಬ ಸಾಲಿಗೆ ಬೆರಳಿಟ್ಟು ಶುರು ಮಾಡಿದರು.

“ನಮ್ಮಮ್ಮನ ಕಡೆ ಒಬ್ರೂ ಮಾತಾಡಲ್ಲ ಕಣಪ್ಪ. ನಮ್ಮ ದೊಡ್ಡಮ್ಮನಂತೂ ಮದುವೆಯಾಗಿ ವರ್ಷವಾದ್ರೂ ತುಟಿ ಬಿಚ್ಚಿರಲಿಲ್ಲ, ಮೂಗಿ ಅಂತ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ರಂತೆ, ಆ ಡಾಕ್ಟರೋ...”

ಡಾಕ್ಟರು, ಅವರ ಹೆಂಡತಿ, ಅವರ ಬಾಡಿಗೆ ಮನೆ ಎಲ್ಲ ಮುಗಿಯುವಾಗ ಊಟದ ಹೊತ್ತಾಗಿತ್ತು. ಭೂಗೋಳ ಕೆಟ್ಟ ನಲ್ಲಿಯ ಕೆಳಗೆ ಮರೆತುಹೋದ ಕೊಡದಂತೆ ತುಂಬಿ ತುಳುಕುತ್ತಿದ್ದ. ‘ಮಿತಭಾಷಿಗಳು’ ಎಂದು ಬರೆದ.

ಬಯಲ ಸೀಮೆಯ ಹೆಡ್ ಗುಮಾಸ್ತರು ಮೂರು ಗಂಟೆಗೆ, ನಿದ್ದೆ ಮುಗಿಸಿ ಬಂದರು. ತಮ್ಮವರನ್ನು ನಿಧಾನಸ್ಥರೆಂದು ಕರೆದದ್ದಕ್ಕೆ ತಮ್ಮ ಆಕ್ಷೇಪ ಇದೆ ಎಂಬುದನ್ನು ಹೇಳಿ ಮುಗಿಸಲು ಅವರಿಗೆ ಅರ್ಧ ಗಂಟೆ ಹಿಡಿಯಿತು. ‘ಚುರುಕಿನವರು’ ಎಂದಾಯಿತು.

“ಸರಿ. ಹೊಡೆದುಹಾಕಿದ ಮೂರು ಗುಣ ಏನ್ಮಾಡ್ತೀಯ?” ಎಂದರು ಗುಮಾಸ್ತರು.

“ಏನ್ಮಾಡೋದು ಸಾರ್? ಹೋಯ್ತು.”

“ಅಷ್ಟು ಕಷ್ಟಪಟ್ಟು ಬರೆದದ್ದು. ಆಚೆ ದೇಶದವರಿಗೆ ಹಾಕು. ಅಲ್ಲೂ ಬೆಟ್ಟ ಇದೆ, ಬಯಲಿದೆ, ಕಡಲಿದೆ. ಅಲ್ಲಿಂದ ಯಾರು ಬಂದು ಕೇಳ್ತಾರೆ?”

ಉಳಿದಿಬ್ಬರೂ ಬಂದು ಸೇರಿದರು. ಆ ಇಡೀ ದಿನ ಮೂವರೂ ಒಪ್ಪಿದ ಮಾತು ಇದೊಂದೇ. ಆಚೆಯ ಬೆಟ್ಟದವರು ಹಟಮಾರಿಗಳಾದರು, ಆಚೆಯ ಕಡಲಿನವರು ಮಾತುಗಾರರಾದರು, ಆಚೆಯ ಬಯಲಿನವರು ನಿಧಾನಸ್ಥರಾದರು. ಸಂತೋಷದಲ್ಲಿ ಒಬ್ಬೊಬ್ಬರೂ ತಮ್ಮ ಸೀಮೆಗೆ ಒಂದಷ್ಟು ಹೊಗಳಿಕೆ ಸೇರಿಸಿದರು. ಪಾಠ ಎರಡು ಸಾಲು ಹೆಚ್ಚಾಯಿತು.

“ಜೌಗಿನದು ತೆಗಿ,” ಎಂದರು ಕರಡು ತಿದ್ದುವವರು. “ಈ ದೇಶಕ್ಕೊಂದು, ಆ ದೇಶಕ್ಕೊಂದು, ಸರಿಯಾಗಿ ಎರಡು ಸಾಲು. ಇಲ್ಲಿ ಜೌಗಿನವರು ಯಾರಿದ್ದಾರೆ ಬೇಜಾರು ಮಾಡ್ಕೊಳ್ಳೋಕೆ?”

ಭೂಗೋಳ ಆ ಸಾಲನ್ನು ನೋಡಿದ. ‘ಜೌಗು ಸೀಮೆಯ ಜನ ಹೆಜ್ಜೆಯಿಡುವ ಮೊದಲು ಕೋಲಿನಿಂದ ನೆಲ ತಟ್ಟಿ ನೋಡುತ್ತಾರೆ.’ ಇದನ್ನೂ ನಾಲ್ಕೇ ಪದಗಳಲ್ಲಿ ಮುಗಿಸಬಹುದಾಗಿತ್ತು, ಹೆಚ್ಚಿಗೆ ಬರೆದಿದ್ದ. ಅವನ ಅಪ್ಪ ಹಾಗೆ ನಡೆಯುತ್ತಿದ್ದರು. ಈ ಕಚೇರಿಯಲ್ಲಿ ಆರು ವರ್ಷದಲ್ಲಿ ಯಾರೂ ಅವನ ಊರು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು. ಎರಡೂ ಸಾಲು ಹೊಡೆದುಹಾಕಿದ.

ನಿರ್ದೇಶಕರು ಪಾಠ ಓದಿದರು. ಓದುತ್ತ ಓದುತ್ತ ಅವರ ಮುಖ ಅರಳಿತು. ಖಾಯಂ ಆದೇಶವನ್ನು ಮುಂದಕ್ಕೆಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಏನೋ ನೆನಪಾದವರಂತೆ ಡ್ರಾಯರಿನಿಂದ ಒಂದು ಪುಸ್ತಕ ತೆಗೆದರು.

“ಪಕ್ಕದ ದೇಶದವರ ಭೂಗೋಳ. ಸ್ನೇಹಕ್ಕೆ ಅಂತ ಕಳಿಸಿದಾರೆ, ನಿನ್ನೆ ಬಂತು. ಅವರು ಏನು ಬರೆದಿದಾರೋ ಒಂದ್ಸಲ ನೋಡಿಬಿಡೋಣ.”

ನೋಡಿದರು. ಆ ಪುಸ್ತಕದ ಪ್ರಕಾರ ಅಲ್ಲಿನ ಬೆಟ್ಟದವರು ದೃಢಚಿತ್ತರು, ಕಡಲಿನವರು ಮಿತಭಾಷಿಗಳು, ಬಯಲಿನವರು ಚುರುಕಿನವರು. ಇಲ್ಲಿನವರು ಹಟಮಾರಿಗಳು, ಮಾತುಗಾರರು, ನಿಧಾನಸ್ಥರು.

ಪೆನ್ನಿಗೆ ಮುಚ್ಚಳ ಬಿತ್ತು.

“ದೇಶದ ಹೆಸರು ಅದಲುಬದಲು ಮಾಡಿ ಪೂರ್ತಿ ಕಾಪಿ ಹೊಡೆದಿದೀರಲ್ರೀ.”

“ನಾನು ಆ ಪುಸ್ತಕ ಕಣ್ಣಲ್ಲಿ ಕಂಡಿಲ್ಲ ಸಾರ್.”

“ಪರೀಕ್ಷೇಲಿ ಕಾಪಿ ಹೊಡೆದವರನ್ನ ಹೇಗೆ ಹಿಡೀತಾರೆ ಗೊತ್ತಾ? ಸರಿ ಉತ್ತರದಿಂದಲ್ಲ. ಇಬ್ಬರೂ ಒಂದೇ ತಪ್ಪು ಮಾಡಿರ್ತಾರೆ. ಜೌಗು ಸೀಮೆ ಎಲ್ಲಿ? ಅವನೂ ಬಿಟ್ಟಿದಾನೆ, ನೀವೂ ಬಿಟ್ಟಿದೀರಿ.”

ಭೂಗೋಳ ಆ ಪುಟವನ್ನೇ ನೋಡುತ್ತ ನಿಂತ. ಗೆರೆಯ ಆಚೆ ಇಂಥದೇ ಒಂದು ಕೋಣೆ ಅವನಿಗೆ ಕಂಡಿತು. ಅಲ್ಲಿ ಯಾರೋ ಒಬ್ಬರು ಕುರ್ಚಿ ಬಿಟ್ಟೇಳುತ್ತಿಲ್ಲ, ಇನ್ನೊಬ್ಬರ ದೊಡ್ಡಮ್ಮನ ಕತೆ ಮುಗಿಯುತ್ತಿಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ಒಬ್ಬ ಹಂಗಾಮಿ ನೌಕರ ತನ್ನ ಊರಿನ ಸಾಲಿನ ಮೇಲೆ ಪೆನ್ಸಿಲ್ ಹಿಡಿದು ನಿಂತಿದ್ದಾನೆ.

ಖಾಯಂ ಆದೇಶ ಡ್ರಾಯರಿಗೆ ಮರಳಿತು. ಬಾಗಿಲ ಬಳಿ ಮೂವರೂ ಸೇರಿದ್ದರು.

“ನಮ್ಮ ಕಡೆಯವರು ಸತ್ರೂ ಕದಿಯಲ್ಲಪ್ಪ,” ಎಂದರು ಕರಡು ತಿದ್ದುವವರು.

“ನಾನು ಆಗ್ಲೇ ಅಂದ್ಕೊಂಡೆ, ಬಾಯಿಬಿಡಲಿಲ್ಲ,” ಎಂದರು ಟೈಪಿಸ್ಟ್ ಅಕ್ಕ.

ಹೆಡ್ ಗುಮಾಸ್ತರು ಬಹಳ ಹೊತ್ತು ಯೋಚಿಸಿ ಕೇಳಿದರು, “ಅಂದಹಾಗೆ, ನೀನು ಯಾವ ಸೀಮೆಯವನಯ್ಯಾ?”

ಆರು ವರ್ಷದಲ್ಲಿ ಮೊದಲ ಸಲ ಕೇಳಿದ್ದರು. ಭೂಗೋಳ ಕೈಯಲ್ಲಿದ್ದ ಎರಡು ಪುಟಗಳನ್ನು ಹಿಂದೆ ಮುಂದೆ ತಿರುವಿದ.

“ಪಾಠದಲ್ಲಿಲ್ಲ ಸಾರ್.”

ಗುಮಾಸ್ತರು ಉಳಿದಿಬ್ಬರ ಕಡೆ ತಿರುಗಿ ದನಿ ತಗ್ಗಿಸಿದರು.

“ಹಾಗಾದ್ರೆ ಆಚೆ ದೇಶದವನೇ.”