ಅಂಗಳ ದಾಟದ ಸಿಪಾಯಿ

ಎಲ್ಲಕ್ಕೂ ಮೂಲ ತಿದ್ದಪ್ಪನ ಹೆಬ್ಬೆರಳುಗಳು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಕಂಡವರ ಚಿತ್ರಕತೆಗಳನ್ನೆಲ್ಲ ತಿದ್ದಿ ತಿದ್ದಿ ತಿದ್ದಪ್ಪನೇ ಆಗಿಹೋಗಿ, ಅದು ಅವನ ಹೆಂಡತಿಗೂ ಮರೆಯುವ ಹಾಗಾಗಿತ್ತು. ಇಷ್ಟೆಲ್ಲ ತಿದ್ದಿದರೂ ಪರದೆಯ ಮೇಲೆ ಒಂದೇ ಒಂದು ಸಲ ಅವನ ಹೆಸರು ಬಂದಿರಲಿಲ್ಲ. ಈಗ ಒಬ್ಬ ನಿರ್ಮಾಪಕರು ಹೆಸರುವಾಸಿ ವಿಡಿಯೋ ಗೇಮೊಂದನ್ನು ಸಿನಿಮಾ ಮಾಡಲು ಹೊರಟಿದ್ದರು. ಕತೆ ಒಪ್ಪಿಗೆಯಾದರೆ ಟೈಟಲ್‌ನಲ್ಲಿ ನಿನ್ನ ಹೆಸರೇ ಎಂದು ಮಾತು ಕೊಟ್ಟಿದ್ದರು.

ಆಡದೆ ಬರೆಯುವುದು ಹೇಗೆ? ಆಡಲು ಕೂತ. ಒಂದು ಅಂಗಳ, ಬಾವಿ, ಕೋಳಿಗಳು, ಸಪ್ಪೆ ಮುಖದ ಒಬ್ಬ ಸಿಪಾಯಿ, ಮುಚ್ಚಿದ ಬಾಗಿಲು. ಬಾಗಿಲು ತೆರೆದು ಹೊರಗೆ ಕಾಲಿಟ್ಟದ್ದೇ ತಡ, ಎಲ್ಲಿಂದಲೋ ಬಾಣ ಬಂದು ಸಿಪಾಯಿ ಗೊಟಕ್. ಎಬ್ಬಿಸಿದ, ಮತ್ತೆ ಗೊಟಕ್. ಈ ಹೆಬ್ಬೆರಳುಗಳೋ, ಒತ್ತಬೇಕಾದ ಗುಂಡಿ ಬಿಟ್ಟು ಪಕ್ಕದ್ದನ್ನೇ ಒತ್ತುತ್ತಿದ್ದವು. ಇಡೀ ಮಧ್ಯಾಹ್ನ ಸತ್ತು ಸತ್ತು ತಲೆ ಚಿಟ್ಟು ಹಿಡಿದು ಎದ್ದಾಗ, ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಅತ್ತೆ, ತಾನೊಂದು ಕೈ ನೋಡಲೇ ಎಂದು ಕೇಳಿದರು.

ಅತ್ತೆ ದಿನಗಟ್ಟಲೆ ಆಡಿದರು. ಒಂದು ಸಲವೂ ಸಾಯಲಿಲ್ಲ. ತಿದ್ದಪ್ಪ ಮೂಗಿನ ಮೇಲೆ ಬೆರಳಿಟ್ಟ. ಇಂಥ ನಿಪುಣರು ಮನೆಯಲ್ಲೇ ಇರುವಾಗ ತನಗೇಕೆ ಆ ಪಾಡು ಎಂದು ಅವರ ಹಿಂದೆ ಕುರ್ಚಿ ಹಾಕಿಕೊಂಡು, ಕಂಡದ್ದನ್ನೆಲ್ಲ ಬರೆದ. ಸಿಪಾಯಿ ಕೋಳಿಗೆ ಕಾಳು ಹಾಕಿದ. ನೀರು ಸೇದಿದ. ಬಾಗಿಲ ತನಕ ಹೋಗಿ ನಿಂತು ವಾಪಸು ಬಂದ. ಹೊರಗೆ ಹೋದವನು ಸೋಲುತ್ತಾನೆ, ಒಳಗೆ ಉಳಿದವನು ಗೆಲ್ಲುತ್ತಾನೆ, ಇದೇ ಆಟದ ಮರ್ಮ ಎಂದು ತಿದ್ದಪ್ಪ ತೀರ್ಮಾನಿಸಿಬಿಟ್ಟ.

ಇವತ್ತು ಕತೆ ಒಪ್ಪಿಸುವ ದಿನ. ಆಫೀಸಿನ ಉದ್ದ ಮೇಜಿನ ಒಂದು ತುದಿಗೆ ನಿರ್ಮಾಪಕರು, ಇನ್ನೊಂದು ತುದಿಗೆ ಆ ಗೇಮನ್ನು ಮಾಡಿದ ಹುಡುಗಿ. ನಡುವೆ, ಯಾರೂ ಕರೆಯದಿದ್ದರೂ ಬಂದು ಕೂತ ನಾಯಕನಟನ ಭಾಮೈದ. ಇವನ ಬಾಯಿ ಸುಮ್ಮನಿರುವ ಜಾತಿಯದಲ್ಲ. ತಿದ್ದಪ್ಪ ಓದಲು ಶುರುಮಾಡುತ್ತಿದ್ದಂತೆಯೇ, ಭಾವನವರಿಗೆ ಕೋಳಿ ಕಂಡರೆ ಆಗುವುದಿಲ್ಲ, ಕುದುರೆ ಇಡಿ ಎಂದ. ಬಾವಿ ಬಂದಾಗ ಅದರೊಳಗಿಂದ ನಾಯಕಿ ಎದ್ದು ಬರಲಿ ಎಂದ. ತಿದ್ದಪ್ಪ ಹಲ್ಲು ಕಚ್ಚಿಕೊಂಡು ಓದಿ ಮುಗಿಸಿ ತಲೆ ಎತ್ತಿದ.

ಹುಡುಗಿ ನಿರ್ಮಾಪಕರ ಮುಖ ನೋಡಿದಳು. ಭಾಮೈದ ಕೂಡ.

"ಬಾಗಿಲ ಆಚೆ ಏನಿದೆ ಅಂತ ಗೊತ್ತಾ ನಿಮಗೆ?" ಎಂದು ಹುಡುಗಿ ಕೇಳಿದಳು.

"ಬಾಣ," ಎಂದ ತಿದ್ದಪ್ಪ.

"ಆಚೆ ಕೋಟೆಗಳಿವೆ, ಸಮುದ್ರ ಇದೆ, ಬೆಂಕಿ ಉಗುಳೋ ಹಾವಿದೆ. ನಮ್ಮ ಜೀವ ತೇಯ್ದು ಮಾಡಿದ್ದು ಅದನ್ನೆಲ್ಲ. ಅಂಗಳ ಇರೋದು ಗುಂಡಿ ಒತ್ತೋದು ಕಲಿಯೋಕೆ ಅಷ್ಟೆ. ಸಣ್ಣ ಮಕ್ಕಳೂ ಅಲ್ಲಿ ನಿಲ್ಲಲ್ಲ."

ತಿದ್ದಪ್ಪ ಕೈಯಲ್ಲಿದ್ದ ಹಾಳೆಗಳನ್ನು ತಿರುವಿದ. ಸಮುದ್ರ! ಬಾವಿಯ ಬಗ್ಗೆಯೇ ಎರಡು ಹಾಡಿಗೆ ಜಾಗ ಬಿಟ್ಟಿದ್ದನಲ್ಲ. ನಿರ್ಮಾಪಕರ ಮುಖ ಕೆಂಪಾಗುತ್ತಿತ್ತು. ಬಾಯಿಗೆ ಬಂದದ್ದನ್ನು ಹೇಳಿ ತಲೆ ತಪ್ಪಿಸಿಕೊಳ್ಳುವುದೊಂದೇ ದಾರಿಯಾಗಿ ಕಂಡಿತು.

"ಆಡಿದ್ದು ನಾನಲ್ಲ ಸಾರ್, ನಮ್ಮತ್ತೆ. ಈ ಕತೇಲಿ ನಂದು ಅನ್ನೋದು ಒಂದಕ್ಷರಾನೂ ಇಲ್ಲ. ಬೇಕಾದ್ರೆ ಅವರನ್ನೇ ಕೇಳಿ."

ನಿರ್ಮಾಪಕರು ಕೇಳಿಯೇಬಿಡೋಣ ಎಂದರು. ತಿದ್ದಪ್ಪ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ಬಾಗಿಲು ತೆರೆಯುವುದು ಗೊತ್ತಾಗಲಿಲ್ಲವೇ ಎಂದು ಹುಡುಗಿ ವಿಚಾರಿಸಿದಳು.

"ಗೊತ್ತಿಲ್ದೆ ಏನಮ್ಮ, ಅಳಿಯಂದಿರು ತೆಗೆಯೋದನ್ನ ನೋಡಿದ್ನಲ್ಲ," ಎಂದಿತು ಅತ್ತೆಯ ಧ್ವನಿ. "ಅವರು ಕಳಿಸಿದಾಗೆಲ್ಲ ಆ ಹುಡುಗ ಸತ್ತುಬಿದ್ದ. ಯಾರ ಮನೆ ಮಗನೋ ಏನೋ. ನನ್ನ ಕೈಗೆ ಬಂದ ಮೇಲೆ ನಾನ್ಯಾಕೆ ಕಳಿಸ್ಲಿ? ಅವನೂ ಬಾಗಿಲ ತನಕ ಹೋಗ್ತಾನೆ, ನಾನು ಕರ್ಕೊಂಡು ಬರ್ತೀನಿ."

ಹುಡುಗಿ ಕಣ್ಣೊರೆಸಿಕೊಂಡಳು. ಇಷ್ಟೊಂದು ಜನ ಆಡಿದ್ದಾರೆ, ಅವನನ್ನು ಉಳಿಸಿಕೊಳ್ಳಬೇಕೆಂದು ಯಾರಿಗೂ ಅನಿಸಿರಲಿಲ್ಲ, ಮಾಡಿದ ತನಗೇ ಅನಿಸಿರಲಿಲ್ಲ ಎಂದಳು. ಇದೇ ಸಿನಿಮಾ ಆಗಬೇಕು ಎಂದಳು. ನಿರ್ಮಾಪಕರ ಮನಸ್ಸಿನಲ್ಲಿ ಕೋಟೆ, ಸಮುದ್ರ, ಹಾವು ಎಲ್ಲ ಕರಗಿ ಬರೀ ಒಂದು ಅಂಗಳ ಉಳಿಯಿತು. ಅವರ ಮುಖ ಅರಳಿತು.

ತಿದ್ದಪ್ಪನಿಗೆ ಹೋದ ಜೀವ ಬಂದಂತಾಯಿತು. ಟೈಟಲ್‌ನಲ್ಲಿ ತನ್ನ ಪೂರ್ತಿ ಹೆಸರು ಬರಲಿ, ತಿದ್ದಪ್ಪ ಅಂತ ಬೇಡ ಎಂದು ಸಂಕೋಚದಿಂದ ನೆನಪಿಸಿದ.

"ನಿನ್ನ ಹೆಸರು ಹೇಗಯ್ಯ ಬರುತ್ತೆ?" ಎಂದರು ನಿರ್ಮಾಪಕರು. "ಒಂದಕ್ಷರಾನೂ ನಂದಲ್ಲ ಅಂತ ಎಲ್ಲರ ಮುಂದೆ ನೀನೇ ಹೇಳಿದ್ಯಲ್ಲ. ಕತೆ ಅತ್ತೆಯವರದು. ಹಾಗಂತ ನಿನ್ನ ಕೈಬಿಡಲ್ಲ. ಮೊದಲನೇ ಸೀನಲ್ಲಿ ಬಾಗಿಲ ಹೊರಗೆ ಒಂದು ಹೆಣ ಬೇಕು. ನಿನಗೆ ಅಭ್ಯಾಸ ಇದೆ."

ತಿದ್ದಪ್ಪ ಬೆಪ್ಪಾಗಿ ನಿಂತ. ಹೆಣದ ಹೆಸರನ್ನಾದರೂ ಹಾಕುತ್ತೀರಾ ಎಂದು ಕೇಳಿದ. ಹಾಗೆ ಹಾಕುವ ಪದ್ಧತಿ ಇಲ್ಲವೆಂದು ಭಾಮೈದ ವಿವರಿಸಿದ.

ಸಂಜೆ ಕಾಲೆಳೆದುಕೊಂಡು ಮನೆಗೆ ಬಂದರೆ ಅತ್ತೆ ಆಟದ ಮುಂದೆಯೇ ಕೂತಿದ್ದರು. ಸಿಪಾಯಿ ಕೋಳಿಗಳಿಗೆ ಕಾಳು ಹಾಕುತ್ತಿದ್ದ. ಅವರು ತಿರುಗಿ ಅಳಿಯನ ಮುಖ ನೋಡಿ ಮರುಗಿದರು.

"ಬಾಗಿಲು ಹಾಕ್ಕೊಂಡು ಒಳಗೆ ಬನ್ನಿ ಅಳಿಯಂದ್ರೆ," ಎಂದರು. "ಹೊರಗೆ ಹೋದಾಗೆಲ್ಲ ನಿಮಗೂ ಹಿಂಗೇ ಆಗುತ್ತೆ."