ಕ್ಯೂ ಕೋಲೂ ಮಾವನ ಮೇಜೂ

ಗಿರಣಿಯ ಗೇಟಿನ ಮುಂದೆ ನಿಂತು ಯಂತ್ರಗಳಿಗೆ ಧಿಕ್ಕಾರ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿದ್ದ ಕಾರ್ಮಿಕ ಮುಖಂಡ, ನಿವೃತ್ತನಾದ ಮೇಲೆ ಸ್ನೂಕರ್ ಆಟ ಹಿಡಿದ. (ಹೋರಾಟಗಾರನ ಕೈಯಲ್ಲಿ ಒಂದು ಕೋಲು ಇರಲೇಬೇಕು, ಬಾವುಟದ್ದು ಹೋದರೆ ಚೆಂಡು ಹೊಡೆಯುವ ಕ್ಯೂ.) ಆ ಕ್ಯೂ ಕೂಡ ಬಡಗಿಯೊಬ್ಬ ಕೈಯಾರೆ ಹೆರೆದು ಉಜ್ಜಿ ಮಾಡಿದ್ದೇ ಆಗಬೇಕಿತ್ತು. ಹೆತ್ತ ಮಕ್ಕಳ ಮೂಗು ಒರೆಸದಿದ್ದ ಮಹಾನುಭಾವ, ಅದಕ್ಕೆ ದಿನವೂ ಎಣ್ಣೆ ಸವರಿ, ಹೊದಿಸಿ ಮಲಗಿಸುತ್ತಿದ್ದ.

ಅಂಥ ಮನೆಗೆ ಹೆಂಡತಿಯ ತಮ್ಮ ಒಂದು ಭಾನುವಾರ ಯಂತ್ರದಲ್ಲಿ ತಯಾರಾದ ಕ್ಯೂ ಹಿಡಿದು ಬಂದ.

"ಹಿಡಿ ಹತ್ರ ನೋಡು," ಎಂದ ಮುಖಂಡ. "ಬಿಳಿ ಮರದೊಳಗೆ ಕೂರಿಸಿರೋ ಕಪ್ಪು ಮರದ ನಾಲ್ಕು ಮೊನೆ. ನಿನ್ನದರಲ್ಲಿ ನಾಲ್ಕೂ ಕವಾಯತಿಗೆ ನಿಂತ ಪೊಲೀಸರ ಹಾಗೆ ಒಂದೇ ಎತ್ತರ. ನನ್ನದರಲ್ಲಿ ಒಂದು ಉದ್ದ, ಒಂದು ಗಿಡ್ಡ. ಅದು ಕಣಯ್ಯ, ಕೈಯ ಗುರುತು."

"ಗುರುತು ಇರಲಿ ಭಾವ, ನೆಟ್ಟಗಿದೆಯಾ? ಮೇಜಿನ ಮೇಲೆ ಉರುಳಿಸಿ ನೋಡೋಣ, ಸೊಟ್ಟಗಿರೋದು ಕುಂಟುತ್ತೆ."

ಊಟದ ಮೇಜು ಒರೆಸುತ್ತಿದ್ದ ಹೆಂಡತಿ ತಲೆ ಎತ್ತಿದಳು. "ಯಾವುದು ಸೊಟ್ಟಗಿದ್ಯೋ ಅದು ನನಗೆ. ಅದನ್ನ ಏನು ಬೇಕಾದ್ರೂ ಮಾಡ್ಕೋತೀನಿ, ಆಮೇಲೆ ಗೊಣಗಬಾರದು."

"ಸರ್ವಾನುಮತದಿಂದ ಅಂಗೀಕಾರ," ಎಂದ ಮುಖಂಡ.

ಭಾವಮೈದುನನ ಕ್ಯೂ ಸದ್ದೇ ಇಲ್ಲದೆ ಉರುಳಿಹೋಯಿತು. ಮುಖಂಡನದು ಟಕ, ಟಕ, ಟಕ ಎಂದು ಕುಂಟುತ್ತ ಹೋಗಿ ನಟ್ಟನಡುವೆ ಧರಣಿ ಕೂತಿತು.

"ಮೇಜೇ ಸೊಟ್ಟ," ಎಂದ ಮುಖಂಡ.

"ಏನಂದ್ರಿ? ನಮ್ಮಪ್ಪ ಕೊಟ್ಟ ಮೇಜು ಸೊಟ್ಟನಾ?"

"ಮೇಜು ಅಂದೆ. ನಿಮ್ಮಪ್ಪನ ವಿಷಯ ಇನ್ನೂ ಶುರು ಮಾಡಿಲ್ಲ."

"ಅದೇ ಮೇಜಿನ ಮೇಲೆ ನಂದು ಸರಿಯಾಗೇ ಹೋಯ್ತಲ್ಲ ಭಾವ?"

"ನಿಂದು ಯಂತ್ರದ್ದು. ಎಂಥಾ ಕಡೆ ಬಿಟ್ರೂ ತಲೆ ತಗ್ಗಿಸಿಕೊಂಡು ಹೋಗುತ್ತೆ. ನಂದು ಪ್ರತಿಭಟಿಸುತ್ತೆ."

ಹೆಂಡತಿ ಮುಖ ಊದಿಸಿಕೊಂಡು ತಾಯಿಗೆ ಫೋನ್ ಮಾಡಲು ಒಳಕೋಣೆಗೆ ಹೋದಳು. ಮುಖಂಡ ಮೇಜನ್ನು ಸಮ ಮಾಡಲು ಗರಗಸ ತಂದು, ಅದರ ಒಂದು ಕಾಲನ್ನು ಬೆರಳಗಲ ಕೊಯ್ದ. ಮೇಜು ಆ ಕಡೆ ವಾಲಿತು. ಎದುರಿನ ಕಾಲು ಕೊಯ್ದ. ಈ ಕಡೆ ವಾಲಿತು.

"ಮೆಷಿನ್ ಗರಗಸ ತರಲಾ ಭಾವ? ಒಂದೇ ಸಲಕ್ಕೆ ಮುಗಿಯುತ್ತೆ."

"ಬಾಯಿ ಮುಚ್ಚಿಕೊಂಡು ಆ ತುದಿ ಹಿಡ್ಕೋ."

ತಾಯಿಯ ಜೊತೆ ಮಾತು ಮುಗಿಸಿ ಹೆಂಡತಿ ಹೊರಬಂದಾಗ (ಅಷ್ಟರಲ್ಲಿ ಒಂದು ಕಾಡನ್ನೇ ಕಡಿದು ಸಾಗಿಸಬಹುದಿತ್ತು) ಅಪ್ಪನ ಮೇಜು ಅವಳ ಮೊಣಕಾಲಿಗೆ ಬಂದಿತ್ತು. ಅದರ ಮೇಲೆ ಕ್ಯೂ ಇನ್ನೂ ಟಕ, ಟಕ ಎನ್ನುತ್ತಿತ್ತು.

ಅವಳು ಮೇಜು ನೋಡಿದಳು, ಗಂಡನನ್ನು ನೋಡಿದಳು. ರೇಗಲಿಲ್ಲ. ಮುಖಂಡನಿಗೆ ಹೆದರಿಕೆಯಾದದ್ದು ಆಗ.

"ಕ್ಯೂ ತನ್ನಿ."

"ಯಾಕೆ?"

"ಸೊಟ್ಟಗಿರೋದು ನಂದು ತಾನೇ? ಮೇಜಿಗೆ ಕಾಲು ಬೇಕು. ನಾಲ್ಕು ತುಂಡು ಮಾಡಿ. ಕೈಯಿಂದಲೇ ಮಾಡಿ, ನಿಮಗೆ ಅದೇ ಇಷ್ಟ."

ಪೊಲೀಸ್ ಲಾಠಿಗೆ ಕಣ್ಣೀರು ಹಾಕದವನು ಮೂಗೆಳೆಯುತ್ತ ಗರಗಸ ಆಡಿಸಿದ. ತುಂಡುಗಳನ್ನು ಮೇಜಿನ ಕಾಲುಗಳ ಕೆಳಗೆ ಹೊಡೆದು ಕೂರಿಸಿದ.

ಊಟಕ್ಕೆ ಕೂತಾಗ ನೀರಿನ ಲೋಟ ತಾನಾಗಿ ಜಾರಿ ಅವನ ತೊಡೆಗೆ ಬಂತು. ಹಿಂದೆಯೇ ತಟ್ಟೆ. ಭಾವಮೈದುನ ಸುಮ್ಮನಿರಲಾರದೆ ತನ್ನ ಕ್ಯೂವನ್ನು ಆಚೆ ಅಂಚಿನಲ್ಲಿಟ್ಟು ಕೈಬಿಟ್ಟ. ಅದು ಎಳ್ಳಷ್ಟೂ ಕುಂಟದೆ ಉರುಳಿ ಬಂದು ಮುಖಂಡನ ಹೊಟ್ಟೆಗೆ ಒರಗಿ ನಿಂತಿತು.

"ಈಗಾದ್ರೂ ಒಪ್ಕೊಳ್ಳಿ, ಮೇಜು ಸೊಟ್ಟ," ಎಂದ ಮುಖಂಡ, ತನ್ನ ಕಡೆಗೆ ವಾಲಿದ ಮೇಜನ್ನು ಮಂಡಿಯಿಂದ ಎತ್ತಿ ಹಿಡಿಯುತ್ತ.

"ಸೊಟ್ಟ ಎಲ್ಲಿ ಬಂತು?" ಹೆಂಡತಿ ಅನ್ನ ಬಡಿಸಿದಳು. "ಒಂದು ಉದ್ದ, ಒಂದು ಗಿಡ್ಡ. ಕೈಯ ಗುರುತು ರೀ. ಮಂಡಿ ಇಳಿಸಬೇಡಿ, ನಾವಿನ್ನೂ ಉಣ್ಣಬೇಕು."